ಯೂರೋಪಿನ ಮೆಣಸಿನಪುಡಿ, ನನ್ನ ಮೂಗು

ಮೊದಲೇ ಆಣೆ ಮಾಡಿ ಹೇಳಿಬಿಡುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆಣೆ ಇಡುವುದಕ್ಕೆ ನನ್ನ ಹತ್ತಿರ ಬೆಲೆಬಾಳುವ ವಸ್ತು ಅಂತ ಇರುವುದು ಒಂದೇ, ನನ್ನ ಮೂಗು. ಅದರ ಮೇಲೇ ಆಣೆ.

ಇಂಥವೆಲ್ಲ ನನಗೇ ಯಾಕೆ ಆಗುತ್ತವೋ ದೇವರಿಗೇ ಗೊತ್ತು. ಸಿಂಗಪುರದಲ್ಲಿ ಕನ್ನಡದವರಿಗೇನು ಕಡಿಮೆಯೇ? ರಾಫೆಲ್ಸ್ ಪ್ಲೇಸ್‌ನ ಬ್ಯಾಂಕುಗಳಲ್ಲಿ ಕೂತು ದುಡ್ಡನ್ನು ಆ ಕಡೆಯಿಂದ ಈ ಕಡೆಗೆ ತಳ್ಳುವವರಿದ್ದಾರೆ, ಸೆಲೆಟಾರ್‌ನಲ್ಲಿ ವಿಮಾನದ ಹೊಟ್ಟೆ ಬಿಚ್ಚಿ ನಟ್ಟು ಬಿಗಿಯುವವರಿದ್ದಾರೆ. ಅವರೆಲ್ಲ ಸಂಜೆ ಎಂಆರ್‌ಟಿ ರೈಲು ಹತ್ತಿ ಮನೆಗೆ ಹೋಗಿ ನೆಮ್ಮದಿಯಾಗಿ ಕಾಲು ಚಾಚುತ್ತಾರೆ. ನಾನೊಬ್ಬ ಮಾತ್ರ ಕಲ್ಲಾಂಗ್‌ನ ಹಳೇ ಫ್ಯಾಕ್ಟರಿ ಕಟ್ಟಡವೊಂದರ ಮಹಡಿಯ ಮೇಲೆ, ಮೆಣಸಿನಪುಡಿ, ಧನಿಯಾಪುಡಿ, ಅರಿಶಿನಪುಡಿಗಳಲ್ಲಿ ಕೀಟನಾಶಕ ಹುಡುಕುತ್ತಾ, ಸೀನುತ್ತಾ, ಮುದುಕನಾಗುತ್ತಿದ್ದೇನೆ. ಸಾಕಾಗಿದೆ ಸ್ವಾಮಿ. ಆದರೆ ನಾನು ಬಿಟ್ಟರೆ ಜಗತ್ತಿನ ಸಾಂಬಾರಿನ ಗತಿಯೇನು ಅಂತ ತಡೆದುಕೊಂಡಿದ್ದೇನೆ.

೧. ಪರೀಕ್ಷೆ ಮಾಡುವವರಿಗೆ ಪರೀಕ್ಷೆ

ಲ್ಯಾಬ್ ಅಂದರೆ ಪರೀಕ್ಷೆ ಮಾಡುವ ಜಾಗ ಅಂತ ಜನ ತಿಳಿದಿದ್ದಾರೆ. ಲ್ಯಾಬ್‌ಗೂ ಪರೀಕ್ಷೆ ಇರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಯೂರೋಪಿನವರು ಇದಕ್ಕೆ ಅಂತಲೇ ರೆಫರೆನ್ಸ್ ಲ್ಯಾಬ್‌ಗಳನ್ನು ಇಟ್ಟಿದ್ದಾರೆ. ಊಟದಲ್ಲಿರುವ ವಿಷಕ್ಕೆ ಒಂದು, ದನಕರುಗಳ ರೋಗಕ್ಕೆ ಒಂದು, ಗಿಡ ತಿನ್ನುವ ಹುಳಕ್ಕೆ ಇನ್ನೊಂದು. ಅವು ಲ್ಯಾಬ್‌ಗಳ ಹೆಡ್‌ಮಾಸ್ತರು ಇದ್ದ ಹಾಗೆ. ಹೇಗೆ ಅಳೆಯಬೇಕು ಅಂತ ಪಾಠ ಹೇಳುವುದೂ ಅವರೇ, ಪಾಠ ತಲೆಗೆ ಹೋಗಿದೆಯೋ ಇಲ್ಲವೋ ಅಂತ ನೋಡಲು ಆಗಾಗ ಪೊಟ್ಟಣ ಕಳಿಸುವುದೂ ಅವರೇ. ಪೊಟ್ಟಣದಲ್ಲಿ ಏನು ಹಾಕಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ. ನಾವು ಹುಡುಕಿ ಹೇಳಬೇಕು. ಒಮ್ಮೊಮ್ಮೆ ಏನನ್ನೂ ಹಾಕದೆಯೂ ಕಳಿಸುತ್ತಾರಂತೆ. ಅಷ್ಟು ಒಳ್ಳೆಯವರು.

ಹಿಂದಿನ ಸಲ ನಾವು ಫೇಲು. ಈ ಸಲವೂ ಫೇಲಾದರೆ ಮಸಾಲೆ ವಿಭಾಗ ಮುಚ್ಚಿ, ನನ್ನನ್ನು ಮೀನಿನ ವಿಭಾಗಕ್ಕೆ ಶಿಫ್ಟ್ ಮಾಡುವುದಾಗಿ ನಮ್ಮ ಕ್ವಾಲಿಟಿ ಮ್ಯಾನೇಜರ್ ಮೇಡಂ ಹೇಳಿದ್ದರು. ಇಲ್ಲಿಯದೇ ಚೀನೀ ಮನೆತನದ ಹೆಂಗಸು. ಹೇಳಿದರೆ ಹೇಳಿದ ಹಾಗೆ ಮಾಡುವವರು. ನಾನೋ ಹಾವೇರಿ ಕಡೆಯ ಲಿಂಗಾಯತ. ನಮ್ಮ ಮನೆಯಲ್ಲಿ ಮೊಟ್ಟೆಯ ಚಿತ್ರ ಇರುವ ಕ್ಯಾಲೆಂಡರನ್ನೂ ಒಳಗೆ ಬಿಟ್ಟುಕೊಂಡವರಲ್ಲ. ಈ ವಯಸ್ಸಿನಲ್ಲಿ ಸೀಗಡಿ ಸುಲಿದು, ಬಿಳೀ ರಬ್ಬರಿನಂಥ ಸ್ಕ್ವಿಡ್ಡನ್ನು ಮಿಕ್ಸರಿಗೆ ಹಾಕಿ ರುಬ್ಬುವುದನ್ನು ನೆನೆಸಿಕೊಂಡರೇ ನನ್ನ ಬಾಯಲ್ಲಿ ಶಿವ ಶಿವ ಅಂತ ಬರುತ್ತಿತ್ತು.

ಪೊಟ್ಟಣ ಬಂತು. ಎ ಅಂತ ಒಂದು, ಬಿ ಅಂತ ಒಂದು. ಎರಡರೊಳಗೂ ಮೆಣಸಿನಪುಡಿಯ ಮೂರು ಮೂರು ಸಣ್ಣ ಸೀಲಾದ ಪೊಟ್ಟಣ. ನಾನು ಎ ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, "ಬ್ಯಾಡಗಿ!" ಅಂದೆ. "ನೋಡು, ನಮ್ಮೂರ ಪಕ್ಕದ ಮೆಣಸಿನಕಾಯಿ. ಯೂರೋಪಿಗೆ ಹೋಗಿ, ಅಲ್ಲಿ ಪುಡಿಯಾಗಿ, ಮೈಗೆ ವಿಷ ಸವರಿಸಿಕೊಂಡು, ಸಿಂಗಪುರಕ್ಕೆ ನನ್ನನ್ನೇ ಹುಡುಕಿಕೊಂಡು ಬಂದಿದೆ."

ನನ್ನ ಜೊತೆ ಮಷೀನು ನೋಡಿಕೊಳ್ಳುವ ಹುಡುಗಿ ಇಲ್ಲೇ ಹುಟ್ಟಿ ಬೆಳೆದ ಕನ್ನಡದವರ ಮಗಳು. ಇಲ್ಲಿಯವರ ಹಾಗೆ ಮಾತಿನ ಬಾಲಕ್ಕೆ ಸುಮ್ಮನೆ ಒಂದು 'ಲಾ' ಅಂಟಿಸುತ್ತಾಳೆ. ಅವಳು ಮೆಲ್ಲಗೆ, "ಅಂಕಲ್, ಸೀಲ್ ಇನ್ನೂ ಓಪನ್ ಮಾಡಿಲ್ಲ ಲಾ" ಅಂದಳು.

"ಓಪನ್ ಮಾಡಿದ ಮೇಲೆ ಯಾರು ಬೇಕಾದ್ರೂ ಹೇಳ್ತಾರಮ್ಮ" ಅಂದೆ.

೨. ಮೊಸರುವಡೆಯ ತೀರ್ಪು

ಎ ಪೊಟ್ಟಣ ಸಲೀಸಾಗಿ ಮುಗಿಯಿತು. ಅದರಲ್ಲಿದ್ದ ವಿಷಗಳೆಲ್ಲ ಮಷೀನಿಗೆ ಸಿಕ್ಕಿಬಿದ್ದವು. ಆ ಖುಷಿಯಲ್ಲಿ ಭಾನುವಾರ ಒಂದು ಗೃಹಪ್ರವೇಶಕ್ಕೆ ಹೋದೆ. ಮೈಸೂರು ಕಡೆಯ ಬ್ಯಾಂಕಿನವರೊಬ್ಬರು ಹೊಸ ಕಾಂಡೋ ಫ್ಲ್ಯಾಟ್ ಕೊಂಡಿದ್ದರು.

ನನ್ನಂಥವನು ಯಾರ ಮನೆಗೂ ಊಟಕ್ಕೆ ಹೋಗಬಾರದು. ಬಾಗಿಲಲ್ಲೇ ಒಬ್ಬರು ಜೇನಿನ ಬಾಟಲಿ ಹಿಡಿದು ನಿಂತಿರುತ್ತಾರೆ, ಇನ್ನೊಬ್ಬರು ತುಪ್ಪದ ಡಬ್ಬಿ ತೆಗೆಯುತ್ತಾರೆ. "ಸ್ವಲ್ಪ ನೋಡಿ ಹೇಳಿ ಅಂಕಲ್, ಪ್ಯೂರಾ?" ಡಾಕ್ಟರಿಗೆ ಮದುವೆ ಮನೆಯಲ್ಲಿ ನಾಲಿಗೆ ಚಾಚಿ ತೋರಿಸುತ್ತಾರಲ್ಲ, ಹಾಗೆ.

ಅವತ್ತು ಯಜಮಾನರ ಹೆಂಡತಿ ತಾವೇ ಮಾಡಿದ ಮೊಸರುವಡೆ ತಂದುಕೊಟ್ಟರು. ಫ್ರಿಜ್ಜಿನಿಂದ ಆಗತಾನೆ ತೆಗೆದದ್ದು, ಮೇಲೆ ಖಾರಾಬೂಂದಿ, ಕೊತ್ತಂಬರಿ. ನಾನು ಅಭ್ಯಾಸ ಬಲದಿಂದ ತಟ್ಟೆಯನ್ನು ಮೂಗಿನ ಹತ್ತಿರ ತಂದೆ. ಯಾಕೋ ಬೇಡ ಅನ್ನಿಸಿ ಟೀಪಾಯಿಯ ಮೇಲೆ ಇಟ್ಟುಬಿಟ್ಟೆ. ಅಷ್ಟೇ ನಾನು ಮಾಡಿದ್ದು.

"ಅಂಕಲ್ ಬಿಟ್ರು" ಅಂತ ಒಂದು ಪಿಸುಮಾತು ಸೋಫಾದಿಂದ ಬಾಲ್ಕನಿವರೆಗೆ ಹೋಯಿತು. "ಏನೋ ಕಂಡಿರ್ಬೇಕು." ಸೆಲೆಟಾರ್‌ನ ಎಂಜಿನಿಯರ್ ಒಬ್ಬರು ಅರ್ಧ ಕಚ್ಚಿದ ವಡೆಯನ್ನು ಟಿಶ್ಯೂನಲ್ಲಿ ಸುತ್ತಿ ಕುಂಡದ ಹಿಂದೆ ಇಟ್ಟರು. ಒಬ್ಬೊಬ್ಬರಾಗಿ ಎಲ್ಲರೂ ತಟ್ಟೆ ಕೆಳಗಿಟ್ಟರು. ಒಬ್ಬ ಆಂಟಿ ಮಗನ ಬಾಯಿಗೆ ಬೆರಳು ಹಾಕಿ ವಡೆಯನ್ನು ಹೊರಗೇ ತೆಗೆದರು.

ಯಜಮಾನರ ಹೆಂಡತಿ ಕಣ್ಣಲ್ಲಿ ನೀರು ತುಂಬಿಕೊಂಡು ಬಂದರು. "ಅಂಕಲ್, ಮೊಸರಲ್ಲಿ ಏನಿದೆ ಅಂತ ಹೇಳಿಬಿಡಿ. ನಾನು ತಡ್ಕೋತೀನಿ."

"ಏನೂ ಇಲ್ಲಮ್ಮ, ಚೆನ್ನಾಗಿದೆ."

"ಪರವಾಗಿಲ್ಲ ಅಂಕಲ್, ಇಲ್ಲಿ ಹೇಳೋಕಾಗಲ್ಲ ಅಂತ ನಂಗೆ ಅರ್ಥ ಆಗುತ್ತೆ. ರಿಪೋರ್ಟ್ ಯಾವಾಗ ಬರುತ್ತೆ?"

ಹೊರಡುವಾಗ ಉಳಿದ ವಡೆಯನ್ನೆಲ್ಲ ದೊಡ್ಡ ಡಬ್ಬಿಗೆ ತುಂಬಿ, ಸ್ಯಾಂಪಲ್ ಅಂತ ನನ್ನ ಕೈಗೇ ಕೊಟ್ಟರು. ನಮ್ಮ ಮನೆಯಾಕೆ ಎರಡು ದಿನ ಎರಡೂ ಹೊತ್ತು ಟೆಸ್ಟ್ ಮಾಡಿ, ಪಾಸ್ ಅಂದಳು.

೩. ನಿಂಬೆಹಣ್ಣಿನ ಬಾಟಲಿ

ನಮ್ಮ ಮನೆಯಾಕೆ ಧಾರವಾಡದವಳು. ಹುಲಿ ಬಂದರೂ ಹೆದರುವವಳಲ್ಲ, ಸೊಳ್ಳೆಗೆ ಹೆದರುತ್ತಾಳೆ. ನಮ್ಮ ಬ್ಲಾಕಿನ ಲಿಫ್ಟಿನ ಪಕ್ಕ ಡೆಂಗಿ ಎಚ್ಚರಿಕೆಯ ಬ್ಯಾನರ್ ಕಟ್ಟಿದ್ದೇ ತಡ, ಮೈಗೆ ಹಚ್ಚುವ ಸೊಳ್ಳೆ ಔಷಧಿಯ ಬಾಟಲಿಗಳನ್ನು ಚೀಲದ ತುಂಬ ತಂದಳು. ನಿಂಬೆಹಣ್ಣಿನ ವಾಸನೆಯದು, ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರ.

"ಏನ್ರಿ, ಕೈ ಚಾಚ್ರಿ, ಹಚ್ಚತೀನಿ."

"ನನಗ ಬ್ಯಾಡ. ಲ್ಯಾಬಿನ್ಯಾಗ ಅಂಥಾದ್ದೆಲ್ಲ ಹಚ್ಚಿಕೊಂಡು ಹೋಗಂಗಿಲ್ಲ. ಸೆಂಟು ಇಲ್ಲ, ಕ್ರೀಮು ಇಲ್ಲ, ತಲಿಗೆ ಎಣ್ಣಿ ಸೈತ ಇಲ್ಲ. ಮೇಡಂ ಬಾಗಲಕ್ಕ ಬೋರ್ಡ್ ಹಾಕ್ಯಾರ."

"ಮೇಡಮ್ಮಗ ಸೊಳ್ಳಿ ಕಡಿಯಂಗಿಲ್ಲೇನು?"

"ಅವರಿಗೆ ಕಡಿಯೋ ಧೈರ್ಯ ಯಾವ ಸೊಳ್ಳಿಗೆ ಐತಿ?"

ಮರುದಿನ ನಾನು ಕಷಾಯದ ಫ್ಲಾಸ್ಕ್ ಮರೆತು ಹೋಗಿದ್ದೆ. ಅದನ್ನು ಕೊಡಲು ಅವಳೇ ಲ್ಯಾಬ್‌ಗೆ ಬಂದಳು. ನಾನು ಒಳಗೆ ಬಿ ಪೊಟ್ಟಣದ ಸೀಲ್ ಒಡೆಯಲು ತಯಾರಿ ನಡೆಸಿದ್ದೆ. ಸಂಜೆ ಮನೆಗೆ ಹೋದರೆ ಅವಳ ಮುಖದಲ್ಲಿ ಗೆದ್ದು ಬಂದ ಕಳೆ.

"ನಿಮ್ಮ ಮೇಡಮ್ಮಗ ಸೊಳ್ಳಿ ಕಡದೈತ್ರಿ. ಮಳಕೈ ತನಕಾ ತುರಿಸಿಕೊಳ್ಳಾಕ್ಹತ್ತಿದ್ರು. ನನ್ನ ಬ್ಯಾಗಿನ್ಯಾಗ ಒಂದು ಬಾಟ್ಲಿ ಇತ್ತು, ಕೊಟ್ಟುಬಂದೆ. 'ಇದು ಕ್ರೀಮಾ?' ಅಂತ ಕೇಳಿದ್ರು. 'ನೋ ನೋ ಮೇಡಂ, ಮೆಡಿಸಿನ್, ನ್ಯಾಚುರಲ್' ಅಂದೆ. ಭಾಳ ಖುಷಿ ಆದ್ರು. ಇನ್ ಮ್ಯಾಲೆ ನಿಮ್ಮನ್ನ ಮೀನಿನ ಕಡೆ ಹಾಕಂಗಿಲ್ಲ, ಬರದಿಟ್ಕೋರಿ."

೪. ಏನೂ ಇಲ್ಲದ ಪುಡಿ

ಫೇಲಾಗುವ ಭಯಕ್ಕೆ ಮೇಡಂ ದಿನಾ ಬಂದು ಬಿ ಪೊಟ್ಟಣದ ಪುಡಿಯನ್ನು ತಾವೇ ತೂಗಿಕೊಡತೊಡಗಿದರು. ಅದರಲ್ಲಿ ಒಂದು ವಿಷ ಸಿಕ್ಕಿತು. ಸೊಳ್ಳೆ ಓಡಿಸುವ ಔಷಧಿ. ನಗಬೇಡಿ, ಅದೂ ನಮ್ಮ ಪಟ್ಟಿಯಲ್ಲಿದೆ. ಹೊಲದಲ್ಲಿ ಕಾಯಿ ಬಿಡಿಸುವವರು ಕೈಗೆ ಹಚ್ಚಿಕೊಂಡದ್ದು ಕಾಯಿಗೂ ಅಂಟುತ್ತದೆ. "ಆಯ್ತು, ಸಿಕ್ತಲ್ಲ" ಅಂತ ನಾವು ಕೈ ಕುಲುಕಿಕೊಂಡೆವು.

ಖಾತ್ರಿಗೆ ಅಂತ ಇನ್ನೊಮ್ಮೆ ಮಾಡಿದರೆ ಜಾಸ್ತಿ ಬಂತು. ಮೇಡಂ ಗಾಬರಿಯಾಗಿ ಪಕ್ಕದಲ್ಲೇ ನಿಂತು ಮೂರನೇ ಸಲ ಮಾಡಿಸಿದರು. ಇನ್ನೂ ಜಾಸ್ತಿ. ಸಾಲ್ವೆಂಟ್ ಶುದ್ಧ, ಟ್ಯೂಬು ಶುದ್ಧ, ಮಷೀನು ಶುದ್ಧ, ಪುಡಿ ಮಾತ್ರ ದಿನೇ ದಿನೇ ವಿಷ ಏರಿಸಿಕೊಳ್ಳುತ್ತಿದೆ! ಮೇಡಂ ಗ್ಲೌಸ್ ಹಾಕಿಕೊಂಡು ಪುಡಿಯನ್ನು ಬೆರಳಲ್ಲಿ ಹೊರಳಿಸಿ, "ಸರಿಯಾಗಿ ಮಿಕ್ಸ್ ಮಾಡಿದ್ದೀರಾ?" ಅಂತ ಬೈದರು. ನಾಲ್ಕನೇ ಸಲ ಕೇಳಬೇಡಿ. ಕಾರಿಡಾರಿನಲ್ಲಿ ಮೀನಿನ ವಿಭಾಗದವನು ನನ್ನನ್ನು ನೋಡಿ, "ಅಂಕಲ್, ನಿಮಗೆ ಏಪ್ರನ್ ಲಾರ್ಜಾ, ಎಕ್ಸ್‌ಟ್ರಾ ಲಾರ್ಜಾ?" ಅಂತ ಕೇಳಿದ. ಅವತ್ತು ನನಗೆ ಮಧ್ಯಾಹ್ನದ ಚಪಾತಿಯೂ ಸ್ಕ್ವಿಡ್ಡಿನ ಹಾಗೆ ಕಂಡಿತು.

ಆಮೇಲೊಂದು ದಿನ ಮೇಡಂ ರಾಫೆಲ್ಸ್ ಪ್ಲೇಸ್‌ನಲ್ಲಿ ಮೀಟಿಂಗ್ ಅಂತ ಹೋದರು. ನಾವು ಬಿ ಪುಡಿಯ ಸೀಲು ಮುರಿಯದ ಇನ್ನೊಂದು ಸಣ್ಣ ಪೊಟ್ಟಣ ಒಡೆದು ಮಾಡಿದೆವು. ವಿಷ ಮಂಗಮಾಯ. ಮರುದಿನ ಅದೇ ಪೊಟ್ಟಣ, ಮೇಡಂ ಹಾಜರು, ವಿಷವೂ ಹಾಜರು.

ಹುಡುಗಿ ನನ್ನ ಮುಖ ನೋಡಿದಳು. "ಅಂಕಲ್, ಮೇಡಂ ಬಂದ್ರೆ ಇರುತ್ತೆ, ಮೇಡಂ ಬರ್ಲಿಲ್ಲ ಅಂದ್ರೆ ಇರಲ್ಲ."

ಆಗ ನನ್ನ ತಲೆಯೊಳಗೆ ಹಸಿರು ಎಲೆಯ ಬಾಟಲಿ ಹೊಳೆಯಿತು. ಔಷಧಿ ಹಚ್ಚಿದ ಕೈಯಲ್ಲೇ ಗ್ಲೌಸ್ ಎಳೆದುಕೊಂಡರೆ ಗ್ಲೌಸಿನ ಹೊರಗೂ ಅಂಟುತ್ತದೆ. ಆ ಗ್ಲೌಸಿನಲ್ಲಿ ಪುಡಿ ಹೊರಳಿಸಿದರೆ ಪುಡಿಗೂ.

"ಮೇಡಂಗೆ ಹೇಳೋರು ಯಾರು?" ಅಂದಳು ಹುಡುಗಿ.

"ಹಿರಿಯರು ನೀವೇ" ಅಂತ ಅವಳೇ ಉತ್ತರವನ್ನೂ ಹೇಳಿದಳು.

ಮರುದಿನ ಬೆಳಿಗ್ಗೆ ಹೋದೆ. "ಮೇಡಂ, ಬಿ ಪುಡಿಗೆ ಸೊಳ್ಳೆ ಔಷಧಿ ಹೊರಗಿನಿಂದ ಬರ್ತಾ ಇದೆ."

"ರೈತರು ಹಚ್ಚಿಕೊಂಡಿರ್ತಾರೆ ಲಾ."

"ಮೊನ್ನೆ ಇರಲಿಲ್ಲ ಮೇಡಂ. ನಿನ್ನೆ ಬಂದಿದೆ."

"ಹಾಗಾದರೆ ರೈತ ನಿನ್ನೆ ಲ್ಯಾಬ್‌ಗೆ ಬಂದಿದ್ದನಾ?"

"ಬಂದಿದ್ದ ಮೇಡಂ. ಬಿಳಿ ಕೋಟು ಹಾಕಿಕೊಂಡು ಬಂದು, ಸರಿಯಾಗಿ ಮಿಕ್ಸ್ ಮಾಡಿ ಅಂತ ನನಗೆ ಬೈದು ಹೋದ."

ಮೇಡಂ ತಮ್ಮ ಬಿಳಿ ಕೋಟನ್ನು ನೋಡಿಕೊಂಡರು. ನಿಧಾನವಾಗಿ ಡ್ರಾಯರ್ ಎಳೆದು ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟರು. ಮುಕ್ಕಾಲು ಖಾಲಿ. "ಆದರೆ ಇದು ನ್ಯಾಚುರಲ್! ನಿಮ್ಮ ಹೆಂಡತಿಯೇ ಹೇಳಿದ್ದು!"

ಮೇಡಂ ಬಾಟಲಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರಗಳಲ್ಲಿ ಅದೇ ವಿಷದ ಹೆಸರು ಓದಿ, ಕೇಳಿದರು. "ಇದು ನಾನು ಅಂತ ನಿಮಗೆ ಹೇಗೆ ಗೊತ್ತಾಯಿತು?"

ನಾನು ಎದೆ ಸೆಟೆಸಿ, ಮೂಗಿನ ತುದಿ ಮುಟ್ಟಿ ತೋರಿಸಿದೆ. ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ ಜೋರು ಕೆಮ್ಮು ಬಂತು.

ಸೀಲು ಒಡೆಯದ ಕೊನೆಯ ಪೊಟ್ಟಣವೊಂದು ಉಳಿದಿತ್ತು. ಮೇಡಂ ಗಾಜಿನ ಬಾಗಿಲಿನ ಆಚೆ ನಿಂತರು, ಹೆರಿಗೆ ವಾರ್ಡಿನ ಹೊರಗೆ ಗಂಡಂದಿರು ನಿಲ್ಲುವ ಹಾಗೆ. ಒಳಗೆ ನಾವು ಪರೀಕ್ಷೆ ಮಾಡಿದೆವು. ಏನೂ ಇಲ್ಲ. ಒಂದು ಚೂರೂ ಇಲ್ಲ. "ಇದೆ" ಅಂತ ಬರೆಯುವುದು ಸುಲಭ ಸ್ವಾಮಿ, "ಏನೂ ಇಲ್ಲ" ಅಂತ ಬರೆದು ಹೆಡ್‌ಮಾಸ್ತರಿಗೆ ಕಳಿಸುವುದಕ್ಕೆ ಗುಂಡಿಗೆ ಬೇಕು. ಮೇಡಂ ಸಹಿ ಹಾಕಿದರು. ಔಷಧಿ ಬಿಟ್ಟ ಅವರ ಕೈ ಮತ್ತೆ ತುರಿಸುತ್ತಿತ್ತು.

ಫಲಿತಾಂಶ ಬರುವವರೆಗೆ ನಾನು ಮೀನಿನ ವಿಭಾಗದ ಮುಂದೆ ಕಣ್ಣು ಮುಚ್ಚಿಕೊಂಡೇ ಓಡಾಡಿದೆ. ಕೊನೆಗೆ ಯೂರೋಪಿನಿಂದ ಉತ್ತರ ಬಂತು. ಬಿ ಪುಡಿಗೆ ಅವರು ಏನನ್ನೂ ಹಾಕಿರಲಿಲ್ಲ! ನಾವು ಪಾಸು. ಮಸಾಲೆ ವಿಭಾಗ ಉಳಿಯಿತು, ನನ್ನ ಕುಲವೂ ಉಳಿಯಿತು. ಮೇಡಂ ಎಲ್ಲರನ್ನೂ ಸೇರಿಸಿ, "ನಮ್ಮ ಮಷೀನಿಗೆ ಗೊತ್ತಾಗದ್ದು ಅಂಕಲ್ ಮೂಗಿಗೆ ಗೊತ್ತಾಯಿತು" ಅಂತ ಚಪ್ಪಾಳೆ ತಟ್ಟಿಸಿದರು. ಬಾಗಿಲಿನ ಬೋರ್ಡಿಗೆ ಹೊಸ ಸಾಲು ಸೇರಿತು: ನ್ಯಾಚುರಲ್ ಕೂಡ ಇಲ್ಲ.

ಇಷ್ಟೂ ಸತ್ಯ. ಆದರೆ ಆಣೆ ಮಾಡಿದ್ದೇನಲ್ಲ, ಮನಸ್ಸು ಚುಚ್ಚುತ್ತಿದೆ. ಒಂದು ಸಣ್ಣ ವಿವರ ಮಾತ್ರ ನಾನು ಕಟ್ಟಿದ್ದು. ಆ ಮೂಗು. ಲ್ಯಾಬಿನ ಏಸಿ ಗಾಳಿಗೆ ನನಗೆ ನೆಗಡಿ ಹಿಡಿದು, ಆ ಪೊಟ್ಟಣ ಬಂದ ದಿನದಿಂದ ಮುಗಿಯುವವರೆಗೂ ಎರಡೂ ಹೊಳ್ಳೆಗಳು ಬಂದ್ ಆಗಿದ್ದವು. ಮೆಣಸಿನಕಾಯಿ ಬ್ಯಾಡಗಿಯದೋ ಬ್ರೆಜಿಲಿನದೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೊಸರುವಡೆ ಮುಟ್ಟದೇ ಇದ್ದದ್ದೂ ಅದಕ್ಕೇ, ಥಂಡಿ ಅಂತ. ಕಷಾಯದ ಫ್ಲಾಸ್ಕು ಇನ್ಯಾಕೆ?

ಚಪ್ಪಾಳೆ ಮುಗಿದ ಮೇಲೆ ಇದನ್ನು ಆ ಹುಡುಗಿಗೆ ಒಪ್ಪಿಕೊಂಡೆ. ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಅಯ್ಯೋ ಅಂಕಲ್! ಮೊದಲನೇ ದಿನದಿಂದಾನೇ ಮೇಡಂ ಬಂದ್ರೆ ಇಡೀ ಫ್ಲೋರ್ ನಿಂಬೆಹಣ್ಣಿನ ವಾಸನೆ ಹೊಡೀತಿತ್ತು ಲಾ. ನಿಮ್ಮ ಮೂಗಿಗೇ ಬಂದಿಲ್ಲ ಅಂದ್ಮೇಲೆ ವಾಸನೆ ಇಲ್ಲ ಅಂತ ನಾವೆಲ್ಲ ಸುಮ್ನಿದ್ವಿ!"