ಪುನರ್ಜನ್ಮ ಆ್ಯಪ್ ಮತ್ತು ಮೆಕ್ಯಾನಿಕ್ ಕರಿಬಸಪ್ಪ

ಬಹಳ ಹಿಂದೆ, ಅಂದರೆ ಜನ ವರ್ಷಕ್ಕೊಂದು ಫೋನ್ ಬದಲಿಸುತ್ತಿದ್ದ ಪ್ರಾಚೀನ ಕಾಲದಲ್ಲಿ, ಸುವರ್ಣಕೂಟವೆಂಬ ರಾಜ್ಯವಿತ್ತು. ಅಲ್ಲಿನ ಪೇಟೆಯ ಮೂಲೆಯಲ್ಲಿ ಕರಿಬಸಪ್ಪ ಹಳೇ ಮೊಬೈಲು, ಮಿಕ್ಸರು, ಟೀವಿಗಳನ್ನು ಬಿಚ್ಚಿ, ಸರಿಮಾಡಿ ಮಾರುತ್ತಿದ್ದ. ಕೆಟ್ಟದ್ದನ್ನು ಕೆಟ್ಟಿದೆ ಎನ್ನುತ್ತಿದ್ದ. ಅವನ ವ್ಯಾಪಾರದ ಗುಟ್ಟು ಅಷ್ಟೇ.

ಒಮ್ಮೆ ಮಹಾರಾಜ ರಣೋತ್ತುಂಗದೇವರು ಹೊಸ ಫೋನ್ ಕೊಂಡರು. ಹಳೆಯದನ್ನೇನು ಮಾಡುವುದೆಂಬ ರಾಷ್ಟ್ರೀಯ ಬಿಕ್ಕಟ್ಟು ತಲೆದೋರಿತು.

ನವೋದ್ಯಮ ಮಂತ್ರಿ ಸುಭಾಷಿತರಾಯ ಕೈಮುಗಿದ. “ತಾವು ಮುಟ್ಟಿದ್ದು ಹಳತಾಗುವುದುಂಟೇ ಪ್ರಭೂ? ಮರುಜನ್ಮಕ್ಕೆ ಕಾದಿದೆ, ಅಷ್ಟೆ. ಒಂದು ಡಿಜಿಟಲ್ ಪ್ಲಾಟ್‌ಫಾರ್ಮ್ ನಿಲ್ಲಿಸೋಣ.”

“ಅದರ ಮೇಲೆ ನಾವೂ ನಿಲ್ಲಬೇಕೇ?”

“ಫೋಟೋಕ್ಕೆ ನಿಂತರೆ ಸಾಕು, ಪ್ರಭೂ.”

ಫರ್ಮಾನು ಹೊರಟಿತು: ‘ಪುನರ್ಜನ್ಮ’ ಆ್ಯಪ್‌ನ ಹೊರಗೆ ಹಳೇ ಸಾಮಾನು ಮಾರುವುದು, ಕೊಳ್ಳುವುದು, ಬಿಚ್ಚುವುದು ರಾಜದ್ರೋಹ. ಅಂಗಡಿಗೆ ಬೀಗ ಬಿದ್ದ ಕರಿಬಸಪ್ಪನನ್ನು ಎಳೆತಂದು ಮುಖ್ಯ ಗುಣಪರೀಕ್ಷಕನನ್ನಾಗಿ ಮಾಡಿದರು. ಮೊದಲು ಬಂದದ್ದೇ ಮಹಾರಾಜರ ಫೋನ್. ಒಳಗೆ ನೀರು, ಬ್ಯಾಟರಿ ಪೂರಿಯಂತೆ ಉಬ್ಬಿತ್ತು.

“ಸ್ವಾಮಿ, ಇದು ಕೆಟ್ಟಿದೆ.”

ಮಂತ್ರಿ ನಕ್ಕ. “ಆ್ಯಪ್‌ನಲ್ಲಿ ಇರೋದು ಮೂರೇ: ಉತ್ತಮ, ಅತ್ಯುತ್ತಮ, ರಾಜಯೋಗ್ಯ. ಇಲ್ಲದ್ದನ್ನ ಹೇಗಪ್ಪಾ ಒತ್ತುತ್ತೀಯ?”

ಹೆಂಡತಿ ಮಕ್ಕಳ ಮುಖ ನೆನೆದು ಕರಿಬಸಪ್ಪ ‘ರಾಜಯೋಗ್ಯ’ ಒತ್ತಿದ.

ವಾರದೊಳಗೆ ಸೂಲಗಿತ್ತಿ ನೀಲವ್ವ ಅದೇ ಫೋನ್ ಹಿಡಿದು ಬಂದಳು. “ಅಣ್ಣಾ, ಆ್ಯಪ್‌ನಲ್ಲಿ ಪರೀಕ್ಷಕ ಅಂತ ನಿನ್ನ ಹೆಸರು ನೋಡಿ ತಗೊಂಡೆ. ಜೀವಾನೇ ಇಲ್ಲ ಇದಕ್ಕೆ. ಗುಡ್ಡದ ಹಟ್ಟಿಯವರು ಫೋನ್ ಮಾಡಿ ಮಾಡಿ ಸಾಕಾಗಿ ಬಸುರಿಯನ್ನ ಗಾಡೀಲಿ ಕರ್ಕೊಂಡು ಹೊರಟ್ರು. ದಾರೀಲೇ ಹೆರಿಗೆ ಆಯ್ತು. ತಾಯಿ ಮಗು ಉಳಿದದ್ದೇ ಹೆಚ್ಚು.”

ಕರಿಬಸಪ್ಪ ಅವಳ ಕೈಯಿಂದ ಫೋನ್ ತೆಗೆದುಕೊಂಡ. ಹಾಡಹಗಲೇ ಪೇಟೆಯ ನಡುವೆ ಕೂತು ಫೋನ್ ಬಿಚ್ಚಿದ, ಒಣಗಿಸಿದ, ಬ್ಯಾಟರಿ ಬದಲಿಸಿದ. “ಇದು ಕೆಟ್ಟಿತ್ತು. ಸುಳ್ಳು ಒತ್ತಿದವನು ನಾನೇ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಫೋನ್ ರಿಂಗಾಯಿತು. ನೋಡನೋಡುತ್ತ ‘ಅತ್ಯುತ್ತಮ’ ಮಿಕ್ಸರು, ‘ರಾಜಯೋಗ್ಯ’ ಫ್ಯಾನು ಹೊತ್ತ ಜನ ಸಾಲುಗಟ್ಟಿದರು. ಸಾಲಿನ ಕೊನೆಯಲ್ಲಿ ಸೈನಿಕರೂ ಬಂದರು.

ಆಸ್ಥಾನದಲ್ಲಿ ಮಹಾರಾಜರು ಕಿಡಿಕಾರಿದರು. “ಗಡಿಪಾರು!”

“ಅದು ಹಳೇ ಪದ್ಧತಿ ಪ್ರಭೂ,” ಎಂದ ಮಂತ್ರಿ. “ಆ್ಯಪ್‌ಗೇ ಹಾಕೋಣ.”

‘ಬಳಸಿದ ಮೆಕ್ಯಾನಿಕ್, ಉತ್ತಮ ಸ್ಥಿತಿ’ ಎಂದು ಕರಿಬಸಪ್ಪ ಆ್ಯಪ್ ಏರಿದ. ಪಕ್ಕದ ರಾಜ್ಯದವರು ಗಳಿಗೆಯೊಳಗೆ ಕೊಂಡರು. ದೂರು ಬಾರದ ಮೊದಲ ವ್ಯಾಪಾರ ಅದು! ಆ ಸಾಧನೆಗಾಗಿ ಮಹಾರಾಜರಿಗೆ ‘ಪುನರ್ಜನ್ಮ ಚಕ್ರವರ್ತಿ’ ಎಂದು ಎರಡನೇ ಕಿರೀಟ ತೊಡಿಸಲಾಯಿತು. ಮನೆಗೊಂದು ರಾಜಯೋಗ್ಯ ವಸ್ತು ಕೊಳ್ಳುವುದು ಕಡ್ಡಾಯವಾಯಿತು. ನೀಲವ್ವನ ಫೋನ್ ಸಾಕ್ಷ್ಯವೆಂದು ಜಪ್ತಿಯಾಯಿತು. ಬದಲಿಗೆ ತಂಪಾಗದ ಫ್ರಿಜ್ ಬಂತು.

ಗಡಿಯಲ್ಲಿ ಕಾವಲುಗಾರ ಅತ್ತಿತ್ತ ನೋಡಿ ತನ್ನ ಫೋನ್ ಚಾಚಿದ. “ಅಣ್ಣಾ, ಹೋಗೋ ಮುಂಚೆ ಇದನ್ನೊಂಚೂರು ನೋಡ್ತೀಯಾ? ದೂರು ಕೊಡೋಣ ಅಂದ್ರೆ ಆ್ಯಪ್‌ನಲ್ಲೇ ಕೊಡಬೇಕಂತೆ. ಇದು ಆನ್ ಆಗ್ತಾನೇ ಇಲ್ಲ.”