ಅರ್ಧ ತಾಸಿನ ಕೇಳುಗ

ನಮ್ಮ ಕಾಕಾನ ಎದುರು ಒಂದು ವಾಕ್ಯವನ್ನು ಪೂರ್ತಿ ಮಾಡಿದವರು ಪುಣೆಯ ಇಡೀ ಬಿಬವೇವಾಡಿಯಲ್ಲಿ ಯಾರೂ ಇಲ್ಲ. ಇದ್ದರೆ ಕರೆತನ್ನಿ, ಶಾಲು ಹೊದಿಸಿ ಸನ್ಮಾನ ಮಾಡುತ್ತೇನೆ! ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಡಾಕ್ಟರ ಬೆನ್ನುನೋವಿಗೇ ಮದ್ದು ಹೇಳಿ ಮುಗಿಸಿರುತ್ತಾರೆ. ವಿಮೆ ಮಾರಲು ಫೋನ್ ಮಾಡಿದ ಹುಡುಗಿಯೊಬ್ಬಳು ಮುಕ್ಕಾಲು ತಾಸಿನ ಮೇಲೆ ತಾನೇ ಫೋನಿಟ್ಟಳು. ಒಮ್ಮೆ ಯಾರದೋ ಮನೆಗೆ ಸಾಂತ್ವನ ಹೇಳಲು ಹೋಗಿ ಎಷ್ಟು ಮಾತಾಡಿದರೆಂದರೆ, ಪಾಪ, ಆ ಮನೆಯವರಿಗೆ ಅಳಲು ಪುರುಸೊತ್ತೇ ಸಿಗಲಿಲ್ಲವಂತೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ತಳೇಗಾಂವದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರಗಳ ಸದ್ದಿನ ನಡುವೆ ಕೂಗಿ ಕೂಗಿ ದುಡಿದು ನಿವೃತ್ತರಾದವರು. ಸದ್ದು ಅಲ್ಲೇ ಉಳಿಯಿತು, ಕೂಗು ಮಾತ್ರ ಅವರ ಜೊತೆ ಮನೆಗೆ ಬಂತು.

ಹೋದ ಬೇಸಿಗೆಯಲ್ಲಿ ನನ್ನ ಮಗಳನ್ನು ಇಂಥವರ ಮನೆಗೆ ಕಳಿಸಿದೆ. ಒಂಬತ್ತನೆಯ ತರಗತಿ ಮುಗಿಸಿದ ಹುಡುಗಿ. ಕಾಕಾ ಎಷ್ಟು ಮಾತುಗಾರರೋ ಇವಳು ಅಷ್ಟು ಮೌನಿ. ನಾಲ್ಕು ಜನರೆದುರು ಎರಡು ವಾಕ್ಯ ಹೇಳುತ್ತಾಳೆ, ಕೇಳುವವರ ಮುಖ ನೋಡುತ್ತಾಳೆ, ಮೂರನೆಯದನ್ನು ನುಂಗಿಬಿಡುತ್ತಾಳೆ. ಹೈಸ್ಕೂಲು ಮಕ್ಕಳಿಗೆಂದು ರಜೆಯಲ್ಲಿ ನಡೆಯುವ ನಲವತ್ತು ದಿನಗಳ ಜರ್ಮನ್ ತರಗತಿಗೆ ಸೇರುತ್ತೇನೆ ಎಂದು ಅವಳೇ ಹಟ ಹಿಡಿದಾಗ ನನಗೆ ಆಶ್ಚರ್ಯ. ಇದ್ದ ಮೂರು ಭಾಷೆಗಳಲ್ಲಿ ಸುಮ್ಮನಿರುವುದು ಸಾಲದೆಂದು ನಾಲ್ಕನೆಯದೇ?

"ಹೊಸಾ ಭಾಷಾದಾಗ ಎಲ್ಲಾರೂ ತಡವರಿಸ್ತಾರಲ್ಲ ಅಮ್ಮಾ. ಅಲ್ಲಿ ನಾ ಒಬ್ಬಾಕಿನ ಇರಂಗಿಲ್ಲ," ಅಂದಳು. ಸೇರಿಸಿದೆ. ನಾವಿರುವುದು ವಾಕಡದಲ್ಲಿ, ಊರಿನ ಇನ್ನೊಂದು ತುದಿಗೆ. ತರಗತಿ ಇದ್ದದ್ದು ಕಾಕಾನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ. ಪುಣೆಯ ಟ್ರಾಫಿಕ್ಕಿನಲ್ಲಿ ದಿನಾ ಓಡಾಡಿದರೆ ಅವಳು ಜರ್ಮನ್ ಕಲಿಯುವ ಮೊದಲು ರಿಕ್ಷಾದವರ ಬೈಗುಳ ಕಲಿಯುತ್ತಾಳೆಂದು ಅವಳನ್ನು ಅಲ್ಲೇ ಬಿಟ್ಟೆ.

ಆ ತರಗತಿಗೆ ಒಂದು ವಿಚಿತ್ರ ನಿಯಮವಿತ್ತು. ಪ್ರತಿ ಸಂಜೆ ಮನೆಯ ಒಬ್ಬರೆದುರು ಮಕ್ಕಳು ಅರ್ಧ ತಾಸು ಜರ್ಮನ್ನಿನಲ್ಲಿ ಮಾತಾಡಬೇಕು. ಕೇಳುವವರಿಗೆ ಭಾಷೆ ಬರಬೇಕೆಂದಿಲ್ಲ. ನಡುವೆ ಬಾಯಿ ಹಾಕದಿದ್ದರೆ ಸಾಕು. ಕೊನೆಗೆ ಒಂದು ವಹಿಯಲ್ಲಿ ಸಹಿ ಹಾಕಬೇಕು. ಐದು ಸಹಿ ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ. ಕಡೆಯ ದಿನ ಎಲ್ಲರೆದುರು ನಿಂತು ಹತ್ತು ನಿಮಿಷ ಭಾಷಣ ಮಾಡಿದವರಿಗೆ ಮಾತ್ರ ಮುಂದಿನ ಹಂತಕ್ಕೆ ಪ್ರವೇಶ.

"ಕೇಳೂ ಕೆಲಸ ನಂದು!" ಎಂದು ಕಾಕಾ ಎದೆ ತಟ್ಟಿಕೊಂಡರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವರ ಹೆಂಡತಿ, ನಮ್ಮ ಕಾಕು, ಬಡಿಯುವುದನ್ನು ನಿಲ್ಲಿಸಿ ನಕ್ಕದ್ದು ಹೊರಗಿನವರೆಗೂ ಕೇಳಿಸಿತು.

ಮೊದಲ ಸಂಜೆ ಮಗಳು ತನ್ನ ಹೆಸರು ಹೇಳಿದಳು, ಊರು ಹೇಳಿದಳು. ಅಷ್ಟೇ! ಕಾಕಾಗೆ ತಮ್ಮ ಕಾರ್ಖಾನೆಗೆ ಬಂದಿದ್ದ ಜರ್ಮನ್ ಯಂತ್ರ ನೆನಪಾಯಿತು. ಅದರ ಜೊತೆ ಬಂದಿದ್ದ ಜರ್ಮನ್ ಎಂಜಿನಿಯರ್, ಅವನಿಗೆ ಇವರು ತಿನ್ನಿಸಿದ ಖಾರದ ಚಟ್ನಿ, ಆಮೇಲೆ ಅವನ ಗತಿ, ಎಲ್ಲ ಬಂತು. ಮಗಳು ಪ್ರಾಮಾಣಿಕಳು. ವಹಿಯಲ್ಲಿ "ಇವತ್ತು ಅಜ್ಜ ಮಾತಾಡಿದರು" ಎಂದು ಬರೆದಳು. ಮರುದಿನ "ಇವತ್ತೂ ಅಜ್ಜನೇ ಮಾತಾಡಿದರು." ಮೂರನೆಯ ದಿನ ಏನನ್ನೂ ಬರೆಯಲಿಲ್ಲ, ಮೇಲಿನದೇ ಎಂದು ಹಿಂದಿನ ಸಾಲಿನ ಕೆಳಗೆ ಎರಡು ಚುಕ್ಕೆ ಇಟ್ಟಳು.

ನಾಲ್ಕನೆಯ ದಿನ ಜರ್ಮನ್ ಕಲಿಸುವ ಶಿಕ್ಷಕಿ ಬಾಯಿಯವರು ಕಾಕಾನನ್ನು ಕರೆಸಿದರು. ಅರವತ್ತೈದರ ವಯಸ್ಸಿನಲ್ಲಿ ಹೆಡ್ ಮಾಸ್ತರರ ಮುಂದೆ ನಿಂತಂತೆ ನಿಲ್ಲುವ ಭಾಗ್ಯ! ಆ ಬಾಯಿಯವರು ಜಾಣೆ. ಹತ್ತು ನಿಮಿಷ ಜರ್ಮನ್ನಿನಲ್ಲೇ ಮಾತಾಡಿದರಂತೆ. ಕಾಕಾ ತೆರೆದ ಬಾಯಿ ತೆರೆದೇ ನಿಂತಿದ್ದರು. ಆಮೇಲೆ ಮರಾಠಿಯಲ್ಲಿ, "ಕಾಕಾ, ಫಕ್ತ ಐಕಾ. ಬರೀ ಕೇಳಿ. ಇನ್ನೆರಡು ದಿನ ಹೋದರೆ ಹುಡುಗಿ ಹೋದಳು," ಅಂದರಂತೆ.

"ಎಲ್ಲಿ ನಡಕ ಬಾಯಿ ಹಾಕಬೇಕಂತ ತಿಳೀಲಿಲ್ಲ ನೋಡವ್ವಾ!" ಎಂದು ಕಾಕಾ ನನಗೆ ಫೋನಿನಲ್ಲಿ ಗೋಳಾಡಿದರು. ಆಮೇಲೆ ದನಿ ತಗ್ಗಿಸಿ, "ನನ್ನಿಂದ ಆ ಕೂಸಿನ ಹೆಸರು ಹೋಗಬಾರದು," ಅಂದರು. ಕಾಕಾ ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಸಂಜೆಯಿಂದ ಒಂದು ಉಪಾಯ ಶುರುವಾಯಿತು. ಆರಕ್ಕೆ ಸರಿಯಾಗಿ ಕಾಕಾ ಬಾಯಿ ತುಂಬ ನೀರು ತುಂಬಿಕೊಂಡು ಜೋಕಾಲಿಯ ಮೇಲೆ ಕೂರುತ್ತಿದ್ದರು. ಮಾತಾಡಬೇಕೆಂದರೆ ನೀರು ನುಂಗಬೇಕು, ನುಂಗುವಷ್ಟರಲ್ಲಿ ನೆನಪಾಗುತ್ತದೆ! ಕೊರಿಯರ್ ತಂದವನು ಉಬ್ಬಿದ ಕೆನ್ನೆ ನೋಡಿ ಹಲ್ಲಿನ ಡಾಕ್ಟರ ವಿಳಾಸ ಹೇಳಿಹೋದ. ವಾರದೊಳಗೆ ಕಾಕಾಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿದೆ ಎಂದು ಅವರ ಇಡೀ ಹೌಸಿಂಗ್ ಸೊಸೈಟಿಯಲ್ಲಿ ಸುದ್ದಿ. ಪಕ್ಕದ ಮನೆಯ ಹೆಂಗಸರು ಬಾಳೆಹಣ್ಣು ಹಿಡಿದುಕೊಂಡು ಕಾಕುಗೆ ಸಮಾಧಾನ ಹೇಳಲು ಬಂದರು.

"ಹಂಗ ಇರ್ಲಿ ಬಿಡ್ರಿ," ಅಂದರು ಕಾಕು, "ಅರ್ಧ ತಾಸು ಭಾಳ ಛಲೋ ಅನಸ್ತದ."

ಎರಡು ವಾರದ ಮೇಲೆ ನಾನು ಹೋದಾಗ ನೀರು ತುಂಬಿಕೊಳ್ಳುವುದು ನಿಂತಿತ್ತು. ಕಾಕಾ ಸ್ವಲ್ಪ ಮುಂದಕ್ಕೆ ಬಾಗಿ, ಅಂಗೈ ಮೇಲೆ ಗದ್ದವಿಟ್ಟು ಸುಮ್ಮನೆ ಕೇಳುತ್ತಿದ್ದರು. ಮಗಳು ಕೈ ತಿರುಗಿಸುತ್ತ, ನಗುತ್ತ, ನಡುವೆ ತಡವರಿಸುತ್ತ, ಮತ್ತೆ ಹಿಡಿದು ಹೇಳುತ್ತಿದ್ದಳು. ನನ್ನ ಮಗಳು ಇಷ್ಟು ಮಾತಾಡಬಲ್ಲಳೆಂದು ನನಗೇ ಗೊತ್ತಿರಲಿಲ್ಲ. ನಾನೂ ಅವಳ ಮಾತನ್ನು ಎಷ್ಟು ಸಲ ಅರ್ಧಕ್ಕೇ ಮುಗಿಸಿಕೊಟ್ಟಿದ್ದೇನೋ!

"ಏನ್ ಹೇಳ್ತಾಳ ಕಾಕಾ?"

"ದೇವರಿಗೇ ಗೊತ್ತು. ಆದ್ರ ಹೇಳಿ ಮುಗಸ್ತಾಳ ನೋಡು, ಆಗ ಆಕಿ ಮಾರಿ ನೋಡಬೇಕು," ಅಂದರು.

ಕಡೆಯ ದಿನ ಬಂತು. ಸಭಾಗೃಹ ತುಂಬಿತ್ತು. ಮಗಳು ನಿಂತಳು, ಶುರು ಮಾಡಿದಳು, ಮೂರು ನಿಮಿಷ ಚೆನ್ನಾಗಿ ಹೋಯಿತು. ಆಮೇಲೆ ಮಾತು ನಿಂತುಬಿಟ್ಟಿತು! ಕಣ್ಣು ಆ ಮುಖದಿಂದ ಈ ಮುಖಕ್ಕೆ ಓಡಾಡತೊಡಗಿತು. ಪಕ್ಕದಲ್ಲಿ ಕಾಕಾ. ಈಗ ಇವರು ಎದ್ದು ಏನಾದರೂ ಕೂಗುತ್ತಾರೆ, ಮುಗಿಯಿತು ಕಥೆ ಎಂದು ಅವರ ತೋಳು ಗಟ್ಟಿಯಾಗಿ ಹಿಡಿದುಕೊಂಡೆ. ಕಾಕಾ ಕೂಗಲಿಲ್ಲ. ಮುಂದಕ್ಕೆ ಬಾಗಿ ಅಂಗೈ ಮೇಲೆ ಗದ್ದವಿಟ್ಟರು, ಅಷ್ಟೇ. ಮಗಳು ಅವರನ್ನು ಹುಡುಕಿಕೊಂಡಳು. ಮುಂದಿನ ಏಳು ನಿಮಿಷ ಅವಳು ಅವರೊಬ್ಬರಿಗೇ ಹೇಳಿದಳು. ಹೇಳಿ ಮುಗಿಸಿದಳು! ನಾನು ಅತ್ತುಬಿಟ್ಟೆ. ಅಳುವುದರಲ್ಲಿ ಚಪ್ಪಾಳೆ ತಟ್ಟುವುದನ್ನೇ ಮರೆತೆ.

ಅವಳ ಬಟ್ಟೆಬರೆ ಕಟ್ಟಲು ಆ ಸಂಜೆ ಕಾಕಾನ ಮನೆಯಲ್ಲೇ ಉಳಿದೆ. ಮಗಳು ಗೆಳತಿಯರ ಜೊತೆ ಐಸ್‌ಕ್ರೀಮಿಗೆ ಹೋಗಿದ್ದಳು. ಆರು ಹೊಡೆಯಿತು. ಕಾಕಾ ಜೋಕಾಲಿಯ ಮೇಲೆ ಕೂತರು, ಎದ್ದರು, ಮತ್ತೆ ಕೂತರು. ನಂತರ ಅಡುಗೆಮನೆಯತ್ತ ತಿರುಗಿ, "ಏ, ಬಾ ಇಲ್ಲಿ. ಕೂಡು. ಏನರೆ ಹೇಳು," ಅಂದರು.

"ನಾನ? ಬಾಯಾಗ ಹಾಕ್ಕೊಳ್ಳಾಕ ನೀರು ತರ್ಲೇನ್ರಿ?"

"ಬ್ಯಾಡ. ಹಂಗ ಕೇಳ್ತೀನಿ."

ಕಾಕು ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತರು. ಕಾಕಾ ಮುಂದಕ್ಕೆ ಬಾಗಿ ಅಂಗೈ ಮೇಲೆ ಗದ್ದವಿಟ್ಟರು. ಒಳಗೆ ಸೂಟ್‌ಕೇಸು ತುಂಬುತ್ತಿದ್ದ ನಾನು ಕೈ ನಿಲ್ಲಿಸಿದೆ.

"ಮದಿವ್ಯಾಗಿ ಈ ಊರಿಗೆ ಬಂದಾಗ ನಂಗ ಮರಾಠಿ ಒಂದಕ್ಷರ ಬರ್ತಿದ್ದಿಲ್ಲ," ಎಂದು ಕಾಕು ಶುರು ಮಾಡಿದರು. "ನೀವು ಮುಂಜಾನೆ ಹೋದ್ರ ಒಂದ ಖೋಲ್ಯಾಗ ಮೂಕಿಯಂಗ ಕುಂಡ್ರತಿದ್ದೆ. ಮಾತಾಡ್ಲಿಕ್ಕೆ ನೀವೊಬ್ರ ಇದ್ರಿ. ಸಂಜೀಗೆ ಬಂದ ಮ್ಯಾಲ ಇದು ಹೇಳಬೇಕು, ಅದು ಹೇಳಬೇಕು ಅಂತ ಇಡೀ ದಿನ ಮಾತು ಕೂಡಿಸಿ ಇಟ್ಕೋತಿದ್ದೆ. ನೀವು ಬರ್ತಿದ್ರಿ. ಬಂದು, ನೀವ ಮಾತಾಡ್ತಿದ್ರಿ."

ಜೋಕಾಲಿ ನಿಂತಿತು. ಈಗ ಕಾಕಾ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಾರೆ ಅಂದುಕೊಂಡೆ. ಅವರು ಹೆಂಡತಿಯ ಮುಖವನ್ನೇ ನೋಡುತ್ತ ಕೂತಿದ್ದರು.

"ಅವೆಲ್ಲಾ ಇನ್ನೂ ನೆನಪದಾವೇನು?" ಎಂದು ಕೇಳಿದರು.

"ಅದಾವ್ರಿ."

"ಮೊದಲನೇ ದಿನದಿಂದ ಹೇಳು," ಅಂದರು ಕಾಕಾ.