ಕೊಟ್ಟಿಗೆ ಗೋಡೆಯ ಮೇಲಿನ ಮಾಳಪ್ಪ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ಸೋದರಮಾವನ ಓಣಿಯ ಮಾಸ್ತರರ ಕನ್ನಡಕಕ್ಕೆ ದಾರ ನಿಜವಾಗಿಯೂ ಇತ್ತೋ, ಅಥವಾ ಇಷ್ಟು ವರ್ಷ ನೆನೆಸಿಕೊಳ್ಳುತ್ತಾ ನಾನೇ ಕಟ್ಟಿದೆನೋ, ಖಾತ್ರಿಯಿಲ್ಲ. ಆಗಲೂ ನಾನು ದಿನಚರಿ ಬರೆಯುತ್ತಿದ್ದೆ. ಆದರೆ ತೆಗೆದು ನೋಡಿದರೆ ಅದರ ತುಂಬ ಹಾಸ್ಟೆಲ್ಲಿನ ಊಟದ ಮೇಲಿನ ಸಿಟ್ಟೇ ಇದೆ! ಒಂದು ಸಂಗತಿಯನ್ನು ಮಾತ್ರ ಯಾವ ದಿನಚರಿಯ ಸಹಾಯವಿಲ್ಲದೆ ಹೇಳಬಲ್ಲೆ. ನನ್ನ ಸೋದರಮಾವನಷ್ಟು ಓದಿಕೊಂಡು ಇಸ್ಪೀಟಾಡಿದ ಮನುಷ್ಯ ಬೀದರ್ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ದುಡ್ಡಿಗೆ ಆಡುವವರನ್ನು ನೀವು ನೋಡಿರುತ್ತೀರಿ. ನೀರಿಗೆ ಆಡುವವರನ್ನು ನೋಡಿದ್ದೀರಾ?

ಮಾಮಾನ ಊರು ಭಾಲ್ಕಿ ತಾಲ್ಲೂಕಿನಲ್ಲಿದೆ, ಹಲಬರ್ಗಾದಿಂದ ಒಳಗೆ ಹೋಗಬೇಕು. ಸಾಲಾಗಿ ಮಳೆ ಕೈಕೊಟ್ಟ ವರ್ಷಗಳು ಅವು. ಓಣಿಗೆ ಟ್ಯಾಂಕರ್ ಬಂತೆಂದರೆ ಯುದ್ಧ ಬಂದ ಹಾಗೆ. ಮೊದಲು ನಿಂತವರ ಕೊಡಕ್ಕೆ ತಿಳಿನೀರು, ಕೊನೆಗೆ ನಿಂತವರ ಕೊಡಕ್ಕೆ ತಳದ ತುಕ್ಕು ಮತ್ತು ಕೆಸರು. ಹೊಡೆದಾಟದಲ್ಲಿ ಓಣಿಯ ಕೊಡಗಳೆಲ್ಲ ಚಪ್ಪಟೆಯಾದ ಮೇಲೆ ಯಾರೋ ಒಬ್ಬರಿಗೆ ಬುದ್ಧಿ ಬಂತು. "ಹಿಂಗ ಬಡದಾಡೂದಕ್ಕಿಂತ ರಮ್ಮಿ ಆಡಿ ಪಾಳಿ ಹಚ್ಚೂನು ನಡೀರಿ!" ಇದು ತನ್ನದೇ ಮಾತೆಂದು ಮಾಮಾ ಹೇಳುತ್ತಾರೆ. "ಇಲ್ಲ ಬಿಡು, ಪಕ್ಕದ ಮನಿ ಮಾಳಪ್ಪನ ಮಾತದು. ಇವರ ಬಾಯಾಗ ಅಷ್ಟ ಶ್ಯಾಣ್ಯಾತನ ಎಲ್ಲಿಂದ ಬರಬೇಕು?" ಎಂದು ಅತ್ತೆ ಹೇಳುತ್ತಾರೆ. ನಾನು ಅತ್ತೆಯನ್ನು ನಂಬುತ್ತೇನೆ.

ಕಾಯಿದೆ ಸರಳ. ಟ್ಯಾಂಕರ್ ಬರುವ ಹಿಂದಿನ ಸಂಜೆ ಮನೆಗೊಬ್ಬರಂತೆ ಬಾವಿಕಟ್ಟೆಯ ಮೇಲೆ ಕೂಡಬೇಕು. ಬಾವಿಯಲ್ಲಿ ನೀರಿರಲಿಲ್ಲ, ಆದ್ದರಿಂದ ಕಟ್ಟೆ ಹೇಗೂ ಖಾಲಿ. ಒಂದೊಂದು ಸುತ್ತಿಗೂ ಸೋತವರು ಏಳುತ್ತಾ ಹೋಗಬೇಕು. ಮೊದಲು ಎದ್ದವರಿಗೆ ಕೊನೆಯ ಪಾಳಿ, ಕೊನೆಗೆ ಉಳಿದವರಿಗೆ ಮೊದಲ ಪಾಳಿ. ಜಗಳ ನಿಂತಿತು. ಕೊಡ ಹಿಡಿದು ಬೈದಾಡುತ್ತಿದ್ದವರು ಎಲೆ ಹಿಡಿದು ಬೈದಾಡತೊಡಗಿದರು ಅಷ್ಟೆ!

ಉಳಿದವರು ಆಡಿ ಮರೆತರು. ಮಾಮಾ ಮರೆಯಲಿಲ್ಲ. ಮೇವಿಲ್ಲವೆಂದು ಎತ್ತು ಎಮ್ಮೆಗಳನ್ನು ಬೀಗರ ಊರಿಗೆ ಕಳಿಸಿದ್ದರಿಂದ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅದರ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಒಬ್ಬೊಬ್ಬ ಎದುರಾಳಿಯ ಜಾತಕ ಬರೆಯತೊಡಗಿದರು. ನೆನಪಿದ್ದಷ್ಟು ಹೇಳುತ್ತೇನೆ.

"ಮಾಸ್ತರ: ಜೋಕರ್ ಬಂದರೆ ಕನ್ನಡಕ ಒರೆಸುತ್ತಾರೆ. ಎರಡು ಬಂದರೆ ಎರಡೂ ಕಡೆ ಒರೆಸುತ್ತಾರೆ. ಆಗ ಎಲೆ ಕೆಳಗಿಟ್ಟು ಸುಮ್ಮನಿರುವುದು."

"ತುಕಾರಾಮ: ಕೆಟ್ಟ ಎಲೆ ಬಂದರೆ ಮಳೆಯ ಮಾತು ತೆಗೆಯುತ್ತಾನೆ. ಆಗ ಧೈರ್ಯವಾಗಿ ಆಡುವುದು."

ಇವು ಕೆಲಸ ಮಾಡುತ್ತಿದ್ದವು! ತುಕಾರಾಮ ಆಕಾಶ ನೋಡಿ, "ಈ ವರ್ಷಾನೂ ಮಳಿ ಇಲ್ಲ ಕಾಣ್ತದ್ರಿ" ಎಂದನೋ ಇಲ್ಲವೋ, ಮಾಮಾ ಮೀಸೆ ತಿರುವಿ ಮುಂದೆ ನುಗ್ಗುತ್ತಿದ್ದರು. ಓಣಿಯ ಯಾವ ಮುಖವನ್ನಾದರೂ ಓದುತ್ತಿದ್ದರು, ಪಕ್ಕದ ಮನೆಯ ಮಾಳಪ್ಪನದೊಂದನ್ನು ಬಿಟ್ಟು.

ಮಾಳಪ್ಪ ಕುರಿ ಕಾಯುವವರು. ಮಾಮಾನ ಜೊತೆ ಚಡ್ಡಿ ಹಾಕಿದಾಗಿನಿಂದ ಬೆಳೆದವರು. ಬಾದ್‌ಶಾ ಬಂದರೂ ಅದೇ ಮುಖ, ಚೌಕಾ ಬಂದರೂ ಅದೇ ಮುಖ. ಬಿಸಿಲಲ್ಲಿ ದೂರ ಹೋದ ಕುರಿಯನ್ನು ನೋಡುವ ಹಾಗೆ ಎಲೆ ನೋಡುವುದು, ಬೀಡಿಯ ಒಂದು ದಮ್ಮು ಎಳೆಯುವುದು, ಆಮೇಲೆ ಗೆದ್ದ ಎಲೆಗಳನ್ನು ಮೆಲ್ಲಗೆ ಹರಡಿ "ಶೋ" ಅನ್ನುವುದು. ಕೊನೆಯ ಸುತ್ತಿಗೆ ಹೆಚ್ಚಾಗಿ ಇವರಿಬ್ಬರೇ ಉಳಿಯುತ್ತಿದ್ದರು. ಅಲ್ಲಿ ಮಾಮಾ ಒಮ್ಮೆಯೂ ಗೆದ್ದದ್ದನ್ನು ನಾನಂತೂ ಕಂಡಿಲ್ಲ. ಗೋಡೆಯ ಮೇಲೆ ಹೀಗಿತ್ತು: "ಮಾಳಪ್ಪ: ಏನೂ ತಿಳಿಯುವುದಿಲ್ಲ." ಅದರ ಕೆಳಗೆ ಕೆಲವು ತಿಂಗಳ ನಂತರದ ಸಾಲು: "ಇನ್ನೂ ತಿಳಿಯುವುದಿಲ್ಲ."

ಒಮ್ಮೆ ಈ ಸಲುವಾಗಿಯೇ ಬಸ್ಸು ಹತ್ತಿ ಬೀದರಿಗೆ ಬಂದರು. ನಾನು ಅಲ್ಲಿ ಮನಃಶಾಸ್ತ್ರ ಓದುತ್ತಿದ್ದೆ.

"ಮಗಳ, ನಿಮ್ಮ ಸಾಲ್ಯಾಗ ಮನಶ್ಯಾನ ಮನಸ ಓದೂದು ಕಲಸ್ತಾರಂತಲ್ಲ?"

"ಹೂಂ ಮಾಮಾ, ಸ್ವಲ್ಪ ಕಲಸ್ತಾರ್ರಿ."

"ಮಾರಿ ಮ್ಯಾಲ ಏನೂ ತೋರಸದವಂಗ ನಿಮ್ಮ ಪುಸ್ತಕದಾಗ ಏನಂತಾರ?"

ನಾನು ಹುರುಪಿನಿಂದ ಭಾವನೆಗಳ ನಿಯಂತ್ರಣ, ಬಾಲ್ಯದ ಪ್ರಭಾವ ಎಂದು ಏನೇನೋ ಹೇಳಿದೆ. ಮಾಮಾ ಚಹಾ ಆರುವವರೆಗೂ ಕೇಳಿಸಿಕೊಂಡರು.

"ಅಂದ್ರ ನಿಮಗೂ ತಿಳಿಯೂದಿಲ್ಲ," ಎಂದು ಎದ್ದು ಹೊರಟೇಬಿಟ್ಟರು. ಮೂರು ಸೆಮಿಸ್ಟರಿನ ನನ್ನ ಓದಿಗೆ ಅದಕ್ಕಿಂತ ಚಿಕ್ಕ ವಿಮರ್ಶೆ ಬಂದಿಲ್ಲ!

ಅಷ್ಟರಲ್ಲಿ ಓಣಿ ಖಾಲಿಯಾಗತೊಡಗಿತ್ತು. ತುಕಾರಾಮ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೋದ. ಅವನ ಜಾಗದಲ್ಲಿ ಅವನ ಹೆಂಡತಿ ಶಾಂತಾಬಾಯಿ ಸೆರಗು ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಬಂದು ಕೂತಳು. ಮಾಮಾನ ಲೆಕ್ಕದಲ್ಲಿ ಗಂಡನ ಮೇಲೆ ಬರೆದದ್ದು ಹೆಂಡತಿಗೂ ನಡೆಯಬೇಕಲ್ಲ? ಶಾಂತಾಬಾಯಿ ಎಲೆ ಎತ್ತಿದ ಕೂಡಲೇ, "ಮಳಿ ಬರೂದಿಲ್ಲ ಕಾಣ್ತದ ಅಣ್ಣಾ" ಎಂದು ಉಸಿರುಬಿಟ್ಟಳು. ಮಾಮಾ ಮೀಸೆ ತಿರುವಿ ನುಗ್ಗಿದರು.

"ಶೋ ಅಣ್ಣಾ."

"ಅಲ್ಲವಾ, ಈಗ ಮಳಿ ಬರೂದಿಲ್ಲ ಅಂದಿ?"

"ಅದು ಖರೆನ ಅದ. ಬರೂದಿಲ್ಲ. ಅದಕ್ಕೂ ಇಸ್ಪೀಟ ಪತ್ತಾಕ್ಕೂ ಏನ್ ಸಂಬಂಧ?"

ಆ ವಾರ ಅತ್ತೆ ಕೆಸರುನೀರನ್ನು ಮೂರು ಮಡಿಕೆ ಬಟ್ಟೆಯಲ್ಲಿ ಸೋಸುತ್ತಾ, "ಗೋಡಿ ಮ್ಯಾಲ ಇದನ್ನೂ ಬರೀರಿ" ಎಂದರಂತೆ. ಮಾಮಾ ಬರೆದರು ಕೂಡ: "ಶಾಂತಾಬಾಯಿ: ಮಳೆಯ ಮಾತು ಅಂದರೆ ಮಳೆಯ ಮಾತು."

ಆದರೆ ಬರೆದದ್ದು ಹಳತಾಗುವುದರೊಳಗೆ ಅವಳೂ ಪುಣೆಗೆ ಹೋದಳು. ಮಾಸ್ತರರು ಬೀದರಿನಲ್ಲಿ ಬಾಡಿಗೆ ಕೋಣೆ ಹಿಡಿದರು. ಬಾಗಿಲುಗಳಿಗೆ ಒಂದೊಂದೇ ಕೀಲಿ ಬಿತ್ತು. ಕಡೆಗೆ ಒಂದು ಸಂಜೆ ಮಾಳಪ್ಪ ಬಂದು ಕಟ್ಟೆಯ ಮೇಲೆ ಕೂತು, ಕುರಿಗಳನ್ನು ಹೊಡೆದುಕೊಂಡು ಗಡಿಯಾಚೆ ಹೊಳೆಸಾಲಿನ ಕಡೆ ಹೋಗುತ್ತೇವೆ, ಮನೆಯವರೆಲ್ಲ ಹೋಗುತ್ತೇವೆ ಎಂದರು. ಅವತ್ತು ನಾನು ಅಲ್ಲೇ ಇದ್ದೆ. ಇದ್ದೆನೆಂದೇ ನನ್ನ ನಂಬಿಕೆ.

ಕೊನೆಯ ಆಟ ಶುರುವಾಯಿತು. ಅರ್ಧಕ್ಕೆ ಮಾಮಾ ಎಂದಿನಂತೆ ಎದ್ದರು. "ಬಂದೆ ದೋಸ್ತ, ದನಕ್ಕ ಒಂದೀಟು ಮೇವು ಹಾಕಿ ಬರ್ತೇನಿ."

"ಹಾಕ್ ಬಾ," ಎಂದರು ಮಾಳಪ್ಪ. ಮಾಮಾ ಕೊಟ್ಟಿಗೆಯೊಳಗೆ ಹೋದ ಮೇಲೆ ನನ್ನ ಕಡೆ ತಿರುಗಿದರು. "ತಂಗೀ, ನಿಮ್ಮ ಮಾಮಾನ ದನಾ ಬೀಗರ ಊರಾಗ ಅವ. ಮೇವು ಯಾರಿಗಿ ಹಾಕ್ತಾನ ಗೊತ್ತೇನು?"

ನಾನು ಕೊಟ್ಟಿಗೆಯ ಕಡೆ ನೋಡಿದೆ.

"ಕೈಯಾಗ ಛಲೋ ಪತ್ತೆ ಬಂದಾಗಷ್ಟ ಹೋಗಿ ಗೋಡಿ ಓದ್ಕೊಂಡ ಬರ್ತಾನ. ಅಂವಾ ಎದ್ದಾಂದ್ರ ನಾವೆಲ್ಲಾ ಹುಷಾರ್ ಆಗ್ತೇವಿ. ಇಡೀ ಓಣಿಗಿ ಗೊತ್ತದ!"

ಅಂದರೆ ಇಷ್ಟು ದಿನ ಊರಿನವರ ಮುಖ ಓದಿದ ಮಹಾಶಯರು ತಮ್ಮ ಬೆನ್ನನ್ನೇ ಎಲ್ಲರಿಗೂ ಓದಲು ಕೊಟ್ಟಿದ್ದರು! ಮಾಮಾ ವಾಪಸು ಬಂದರು, ಆಡಿದರು, ಸೋತರು. ಮಾಳಪ್ಪ ನಗುತ್ತಾ ಎಲ್ಲವನ್ನೂ ಹೇಳಿದರು. ಮಾಮಾ ಕೆಂಪಾದರು, ಬೈದರು, ಆಮೇಲೆ ತಾವೂ ನಕ್ಕರು.

"ನಂದು ಹೇಳ್ದಿ. ನಿನ್ನ ಗುರ್ತು-ಖೂನ ಯಾವುದು? ಅದನ್ನೂ ಹೇಳಿ ಹೋಗು," ಎಂದರು ಮಾಮಾ.

"ಮಳಿ ಆದ್ ಮ್ಯಾಲ ಬಂದು ಹೇಳ್ತೇನಿ."

"ಈಗ ಹೇಳಿದ್ರ ಏನಾಗ್ತದ?"

"ಈಗ ಹೇಳಿದ್ರ ನಾ ಬರೂ ದಾರಿ ನೀ ಯಾಕ ನೋಡ್ತಿ?"

ಮರುದಿನ ಕುರಿಗಳ ಧೂಳು ಓಣಿಯಲ್ಲಿ ಬಹಳ ಹೊತ್ತು ನಿಂತಿತ್ತಂತೆ. ಮಾಳಪ್ಪನ ಮನೆಯ ಮುಂದೆ ಉಳಿದದ್ದು ಅವರ ಹೆಂಡತಿ ನೆಟ್ಟಿದ್ದ ಒಂದು ನಿಂಬೆ ಗಿಡ, ಮೊಣಕಾಲೆತ್ತರದ್ದು. ಅದಕ್ಕೆ ನೀರು ಹಾಕೆಂದು ಮಾಳಪ್ಪ ಮಾಮಾನಿಗೆ ಹೇಳಲಿಲ್ಲ. ಕುಡಿಯುವ ನೀರಿಗೇ ಎಲೆ ಹಿಡಿದು ಕೂಡುವ ಊರಲ್ಲಿ ಗಿಡಕ್ಕೆ ಹಾಕೆಂದು ಯಾವ ಬಾಯಿಂದ ಹೇಳುವುದು?

ದೀಪಾವಳಿಗೆ ಅತ್ತೆ ಮನೆಗೆಲ್ಲ ಸುಣ್ಣ ಹೊಡೆದರು. ಕೊಟ್ಟಿಗೆಯ ಗೋಡೆಗೆ ಕುಂಚ ಮುಟ್ಟಿಸಲು ಮಾಮಾ ಬಿಡಲಿಲ್ಲ. "ಯಾರ ಜೋಡಿ ಆಡೂದದ ಅಂತ ಇಟ್ಕೊಂಡೀರಿ?" ಎಂದು ಕೇಳಿದ್ದಕ್ಕೆ, "ಬಂದ್ ಮ್ಯಾಲ ಮತ್ತ ಮೊದಲಿಂದ ಕಲೀಬೇಕೇನು?" ಎಂದರಂತೆ. ಅತ್ತೆ ಇದನ್ನು ನನಗೆ ನಗುತ್ತಲೇ ಹೇಳಿದರು. ಅರ್ಧಕ್ಕೆ ನಗು ನಿಲ್ಲಿಸಿ, "ನೀನ ಒಂದೀಟ ನೋಡ ಮಗಳ, ಅವರು ದಿನಾ ಕಟ್ಟಿ ಮ್ಯಾಲ ಒಬ್ಬರ ಕೂಡ್ತಾರ" ಎಂದರು.

ಹೋಗಿ ನೋಡಿದೆ. ಖಾಲಿ ಬಾವಿಕಟ್ಟೆಯ ಮೇಲೆ ನಾಲ್ಕು ಜನರಿಗೆ ಎಲೆ ಹಂಚಿತ್ತು. ಕೂತವರು ಮಾಮಾ ಒಬ್ಬರೇ. ಒಂದು ಜಾಗದಿಂದ ಎದ್ದು ಇನ್ನೊಂದರಲ್ಲಿ ಕೂಡುತ್ತಿದ್ದರು. ಮಾಸ್ತರರ ಜಾಗದಲ್ಲಿ ಕೂತು ಎಲೆ ಎತ್ತಿದರು, ತಮ್ಮ ಕನ್ನಡಕ ತೆಗೆದು ಎರಡೂ ಕಡೆ ಒರೆಸಿದರು. ಎದ್ದು ತಮ್ಮ ಜಾಗಕ್ಕೆ ಬಂದು, "ಓಹೋ, ಎರಡು ಜೋಕರ್ ಅವ ಮಾಸ್ತರಗ" ಎಂದು ತಮ್ಮ ಎಲೆ ಕೆಳಗಿಟ್ಟರು. ತುಕಾರಾಮನ ಜಾಗಕ್ಕೆ ಹೋಗಿ ಆಕಾಶ ನೋಡಿ, "ಈ ವರ್ಷಾನೂ ಮಳಿ ಇಲ್ಲ ಕಾಣ್ತದ್ರಿ" ಎಂದರು. ನನ್ನ ಪಠ್ಯಪುಸ್ತಕದ ಎಷ್ಟೋ ಕಾಯಿಲೆಗಳ ಹೆಸರು ನಾಲಿಗೆಯ ತುದಿಗೆ ಬಂದವು. ಆದರೆ ಮಾತು ತುಕಾರಾಮನದೇ, ಧಾಟಿಯೂ ಅವನದೇ. ಕಣ್ಣು ಮುಚ್ಚಿದ್ದರೆ ಓಣಿ ತುಂಬಿದೆ ಎಂದುಕೊಳ್ಳುತ್ತಿದ್ದೆ.

ಆಮೇಲೆ ಮಾಳಪ್ಪನ ಜಾಗದಲ್ಲಿ ಕೂತರು. ಏನೂ ಮಾಡಲಿಲ್ಲ. ಎಲೆಗಳನ್ನು ದೂರದ ಕುರಿಯಂತೆ ನೋಡಿ, ಮೆಲ್ಲಗೆ ಹರಡಿ, "ಶೋ" ಎಂದರು.

ಮರುದಿನ ಟ್ಯಾಂಕರ್ ಬಂತು. ಉಳಿದ ಕೆಲವೇ ಮನೆಗಳಿಗೆ ನೀರು ಈಗ ಸಾಕಾಗುತ್ತಿತ್ತು. ಜಗಳವಿಲ್ಲ, ಸಾಲೂ ಇಲ್ಲ. ಆದರೂ ಮಾಮಾ ಕೊಡಗಳನ್ನು ಸಾಲಾಗಿ ಇಟ್ಟಿದ್ದರು. ಔರಾದ ಕಡೆಯ ಡ್ರೈವರ್ ಪೈಪು ಹಿಡಿದು ನಿಂತ.

"ಕಾಕಾ, ಈ ಮೊದಲನೇ ಕೊಡಾ ಯಾರದ್ರಿ?"

"ಮಾಳಪ್ಪಂದು. ನಿನ್ನಿ ಅಂವಾ ಗೆದ್ದಾನ."

"ಅವರ ಮನಿಗಿ ಕೀಲಿ ಅದಲ್ರಿ!"

"ಗೆಲ್ಲಬೇಕಂದ್ರ ಊರಾಗ ಇರಬೇಕು ಅಂತ ಕಾಯಿದೆ ಅದ ಏನು? ಹಿಡಿ ಪೈಪು."

ಡ್ರೈವರ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ಕೊಡ ತುಂಬಿಸಿದ. ತಿಳಿನೀರು. ಮಾಮಾ ಅದನ್ನು ಹೆಗಲ ಮೇಲೆ ಹೊತ್ತು ಮಾಳಪ್ಪನ ಬಾಗಿಲಿಗೆ ಹೋದರು. ನಿಂಬೆ ಗಿಡದ ಬುಡದಲ್ಲಿ ಕೂತು ಬೊಗಸೆ ಬೊಗಸೆಯಾಗಿ, ಒಂದು ಹನಿ ಆಚೆ ಹೋಗದ ಹಾಗೆ ಹಾಕಿದರು. ಗಿಡ ನಾನು ಹಿಂದೆ ನೋಡಿದ್ದಕ್ಕಿಂತ ಎತ್ತರವಾಗಿತ್ತು, ಮೊಣಕಾಲು ದಾಟಿ ಸೊಂಟದ ತನಕ. ಅಂದರೆ ಮಾಳಪ್ಪ ಬಹಳ ವಾರಗಳಿಂದ ಗೆಲ್ಲುತ್ತಿರಬೇಕು.

ನಾನು ಕೊಟ್ಟಿಗೆಗೆ ಹೋಗಿ ಗೋಡೆ ನೋಡಿದೆ. ಮಾಳಪ್ಪನ ಹೆಸರಿನ ಕೆಳಗೆ ಹೊಸದೇನೂ ಇರಲಿಲ್ಲ. ಅವೇ ಎರಡು ಸಾಲು.

ಮುಂದೆ ಮಳೆಯಾಯಿತು. ತುಕಾರಾಮ ಮತ್ತು ಶಾಂತಾಬಾಯಿ ಬಂದರು. ಮಾಸ್ತರರು ಹಬ್ಬಕ್ಕೆ ಬಂದುಹೋಗುತ್ತಾರೆ. ಮಾಳಪ್ಪನನ್ನು ಹೊಳೆಸಾಲಿನಲ್ಲಿ ಕಂಡೆವೆಂದು ಕೆಲವರು, ಕುರಿ ಮಾರಿ ಹೈದರಾಬಾದಿನಲ್ಲಿದ್ದಾರೆಂದು ಕೆಲವರು. ನಿಂಬೆ ಈಗ ಕಾಯಿ ಬಿಡುತ್ತದೆ. ಅತ್ತೆ ಒಂದನ್ನೂ ಕೀಳುವುದಿಲ್ಲ, ತಾನಾಗಿ ಬಿದ್ದದ್ದನ್ನಷ್ಟೇ ಆರಿಸುತ್ತಾರೆ.

ಅಂದು ಮಾಮಾ ಖಾಲಿ ಕೊಡ ಹಿಡಿದು ವಾಪಸು ಬಂದಾಗ ನಾನು ಒಂದು ಮಾತು ಕೇಳಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು, ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ಮತ್ತು ಒಳಗೆ ಹೋದರು. ಊರಿಗೆ ಹೋದಾಗಲೆಲ್ಲ ಈಗಲೂ ಅದನ್ನೇ ಕೇಳುತ್ತೇನೆ:

"ಮಾಮಾ, ಮಾಳಪ್ಪ ಹ್ಯಾಂಗ ಆಡ್ತಾರ ಅಂತ ನಿಮಗ ಕಡೀತನಾ ತಿಳೀಲೇ ಇಲ್ಲಲ್ರಿ. ಮತ್ತ ಅವರ ಪತ್ತೆ ನೀವ ಹಿಡದು ಆಡೂವಾಗ, ಅವರು ಪ್ರತಿ ಸರ್ತಿ ಹ್ಯಾಂಗ ಗೆಲ್ತಿದ್ರು?"